ನೊಯೆಲಿ ಬಿಟ್ಟ ಗೊಂಚಲು

ಆ ವರ್ಷ ನೊಯೆಲಿಗೆ ಎಪ್ಪತ್ತು, ಅವಳ ಸೈಕಲ್ಲಿಗೆ ನಲವತ್ತು, ನನ್ನ ಮಂಡಿಗೆ ಎಷ್ಟಾಗಿತ್ತೋ ಆ ದೇವರೇ ಬಲ್ಲ. ಆದರೂ ಪ್ರತಿ ಅಕ್ಟೋಬರಿನಂತೆ, ದ್ರಾಕ್ಷಿ ಕೊಯ್ಲು ಮುಗಿದು ತೋಟಗಳು ಖಾಲಿಯಾದ ಮೇಲೆ ಒಂದು ಬೆಳಿಗ್ಗೆ ಬಂದು ನನ್ನ ಬಾಗಿಲು ಬಡಿದಳು. ನಮ್ಮ ಬೆಜಿಯೆ ಪಟ್ಟಣದಿಂದ ಮಾಸ್-ರೂಜ್ ಎಂಬ ಹಳ್ಳಿಗೆ ಇಪ್ಪತ್ತೆರಡು ಕಿಲೋಮೀಟರ್. ಅರ್ಧ ದಾರಿ ಏರು, ಇನ್ನರ್ಧ ಎದುರುಗಾಳಿ. ಹೋಗುವುದು ಹಕ್ಕಲು ಆಯುವುದಕ್ಕೆ. ಕೊಯ್ಲಿನವರ ಕೈತಪ್ಪಿ ಗಿಡದಲ್ಲೇ ಉಳಿದ ದ್ರಾಕ್ಷಿಯನ್ನು ಯಾರು ಬೇಕಾದರೂ ಕಿತ್ತುಕೊಳ್ಳಬಹುದು, ತೋಟದ ಯಜಮಾನ ಬೇಡ ಎನ್ನುವ ಹಾಗಿಲ್ಲ, ಇದು ನಮ್ಮ ಕಡೆ ಅಜ್ಜಂದಿರ ಕಾಲದ ರೂಢಿ. ಮನೆಯ ಕೆಳಗಿನ ಸಂತೆಯಲ್ಲಿ ಬೇಕಾದಷ್ಟು ಸಿಗುವ ದ್ರಾಕ್ಷಿಗೆ ಈ ಹೆಂಗಸು ಗುಡ್ಡ ಹತ್ತುತ್ತಾಳಲ್ಲ, ಇವಳ ತಲೆ ನೆಟ್ಟಗಿದೆಯೇ ಎಂದು ಮೊದಲನೆಯ ವರ್ಷ ನಾನು ದಾರಿಯುದ್ದಕ್ಕೂ ಗೊಣಗಿಕೊಂಡೇ ಹೋಗಿದ್ದೆ.

ನನ್ನ ಹೆಸರು ಮಾರ್ಸೆಲಿನ್. ನಾವಿಬ್ಬರೂ ಒಂದೇ ಶಾಲೆಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಬೆಂದವರು. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನಾನು ಅಕ್ಕ ಎಂದೇ ಕರೆಯುವುದು. ಕೆಲಸದಲ್ಲಿ ಅವಳ ಜೊತೆ ನಿಲ್ಲುವುದು ಒಂದು ಶಿಕ್ಷೆ. ಮುನ್ನೂರು ಮಕ್ಕಳಿಗೆ ಆಲೂಗೆಡ್ಡೆ ಹೆರೆದರೂ ಒಂದು ಕಪ್ಪು ಚುಕ್ಕೆ ಉಳಿಯಬಾರದು. ನಾನು ಹೆರೆದದ್ದನ್ನೂ ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಿದ್ದಳು, ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ, ಮತ್ತೊಮ್ಮೆ ಹೆರೆಯುತ್ತಿದ್ದಳು. ಬೈದಿದ್ದರೂ ಸಹಿಸಬಹುದಿತ್ತು. ಎಷ್ಟೋ ಸಲ ಆ ಚಾಕುವನ್ನು ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸಿದೆ ನನಗೆ.

ಈ ಚೊಕ್ಕಟತನ ಅವಳಿಗೆ ತಾಯಿಯಿಂದ ಬಂದದ್ದು. ನೊಯೆಲಿ ಹುಟ್ಟಿದ್ದು ಮೇಲೆ ಬೆಟ್ಟದ ಸೀಮೆಯಲ್ಲಿ, ಚೆಸ್ಟ್‌ನಟ್ ಕಾಯಿ ಮತ್ತು ಕುರಿ ಬಿಟ್ಟರೆ ಬೇರೇನೂ ಇಲ್ಲದ ಊರಿನಲ್ಲಿ. ಅಲ್ಲಿಯ ಹೆಂಗಸರು ಸೆಪ್ಟೆಂಬರ್ ಬಂತೆಂದರೆ ಗುಂಪು ಕಟ್ಟಿಕೊಂಡು ದ್ರಾಕ್ಷಿ ಕೊಯ್ಲಿಗೆ ಕೆಳಗೆ ಮಾಸ್-ರೂಜ್‌ಗೆ ಇಳಿಯುತ್ತಿದ್ದರು. ಅವಳ ಅಜ್ಜಿಯ ಕಾಲದಲ್ಲಿ ಎರಡು ದಿನದ ನಡಿಗೆ, ತಾಯಿಯ ಕಾಲಕ್ಕೆ ಬಸ್ಸು. ತಾಯಿ ಕೊಯ್ಲಿನ ಗುಂಪಿಗೆ ಮುಂದಾಳು. ಮೊದಲ ಸಾಲು ಅವಳದು, ಅವಳ ಕೈ ಎಷ್ಟು ಓಡುತ್ತದೋ ಉಳಿದವರ ಕೈಯೂ ಅಷ್ಟು ಓಡಬೇಕು. ಹದಿನಾಲ್ಕಕ್ಕೆ ಮಗಳನ್ನೂ ಸಾಲಿಗೆ ಹಚ್ಚಿದಳು. ಹದಿನಾರು ತುಂಬುವಷ್ಟರಲ್ಲಿ, ನನ್ನ ಮಗಳು ಹೋದ ಸಾಲಿನಲ್ಲಿ ಹಕ್ಕಿಗೂ ಒಂದು ಕಾಳು ಸಿಗುವುದಿಲ್ಲ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳಿಕೊಳ್ಳತೊಡಗಿದಳು. ಆ ಮಾತು ಮಾಸ್-ರೂಜ್ ದಾಟಿ ಸುತ್ತಿನ ಹಳ್ಳಿಗಳಿಗೂ ಹೋಯಿತಂತೆ.

ಹಾಗೆ ಹೇಳಿಕೊಳ್ಳುವುದಕ್ಕೂ ಒಂದು ಕಾರಣವಿತ್ತು. ಕೊಯ್ಯುವ ಹೆಂಗಸು ಗಿಡದಲ್ಲಿ ಗೊಂಚಲು ಮರೆತು ಮುಂದೆ ಹೋದಳೋ, ಬುಟ್ಟಿ ಹೊರಲು ಹಿಂದೆ ಬರುವ ಗಂಡಸಿನ ಕಣ್ಣಿಗೆ ಅದು ಬಿತ್ತೋ, ಅವಳ ಕತೆ ಮುಗಿಯಿತು. ಅದೇ ಗೊಂಚಲನ್ನು ಅವಳ ಮುಖಕ್ಕೆ ಹಣೆಯಿಂದ ಗದ್ದದವರೆಗೂ ಉಜ್ಜಿ, ಆ ಅಂಟುಗೆನ್ನೆಗೆ ಒಂದು ಮುತ್ತು ಕೊಡುವುದು ಅವನ ಹಕ್ಕು. ಇಡೀ ಗುಂಪು ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಮೊಮ್ಮಕ್ಕಳಿದ್ದ ಹೆಂಗಸರಿಗೂ ರಿಯಾಯಿತಿ ಇರಲಿಲ್ಲ. ಹುಡುಗಿಯಾಗಿದ್ದಾಗ ಕೊಯ್ಲಿಗೆ ಹೋಗುತ್ತಿದ್ದ ನನ್ನ ಮುಖಕ್ಕೂ ಎರಡು ಸಲ ಬಿದ್ದಿದೆ, ಬಳಿದವನ ಹಲ್ಲು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೇಕೆಂದೇ ಮರೆಯುವ ಹುಡುಗಿಯರೂ ಇದ್ದರು, ಅದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳುವುದಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ಇದ್ದದ್ದು ಅದೊಂದೇ ದಾರಿ.

ನೊಯೆಲಿ ನನಗೆ ತನ್ನ ಕತೆ ಹೇಳಿದ್ದು ನಾವು ಜೊತೆಯಾಗಿ ಹೋದ ನಾಲ್ಕನೆಯ ವರ್ಷ. ದಾರಿಯಲ್ಲಿ ನನ್ನ ಚಕ್ರದ ಗಾಳಿ ಹೋಗಿ, ಇಬ್ಬರೂ ಒಂದು ಅಂಜೂರದ ಮರದ ಕೆಳಗೆ ಕೂತು ತೇಪೆ ಒಣಗಲೆಂದು ಕಾಯುತ್ತಿದ್ದೆವು. ಅವಳು ರಸ್ತೆ ನೋಡಿಕೊಂಡು, ಬೇರೆ ಯಾರದೋ ಸುದ್ದಿಯಂತೆ ಹೇಳಿದಳು.

ಆಗ ಅವಳಿಗೆ ಹತ್ತೊಂಬತ್ತು. ಮಾಸ್-ರೂಜ್‌ನ ಆ ತೋಟದ ಯಜಮಾನನ ಮಗ ಫುಲ್ಕ್ರಾನ್‌ಗೆ ಇಪ್ಪತ್ತೆರಡು. ಅವನು ಗುಂಪಿನ ಹಿಂದೆ ಬಂದು ತುಂಬಿದ ಬಕೆಟ್ಟುಗಳನ್ನು ಎತ್ತಿ ಮರದ ತೊಟ್ಟಿಗೆ ಸುರಿಯುವವನು. ಮಾತು ಕಡಿಮೆ, ನಗು ಜಾಸ್ತಿ. ಬಿಸಿಲೇರಿದಾಗ ನೀರಿನ ಕೊಡವನ್ನು ಎಲ್ಲರಿಗಿಂತ ಮೊದಲು ಅವಳ ಸಾಲಿಗೆ ತರುತ್ತಿದ್ದ. ಅಷ್ಟೇ ನಡೆದದ್ದು, ಆದರೆ ಅಷ್ಟರಿಂದಲೇ ಇವಳ ನಿದ್ದೆ ಹೋಯಿತು. ಒಂದು ಮಂಗಳವಾರ, ಹತ್ತು ಗಂಟೆಯ ರೊಟ್ಟಿ ಬೆಳ್ಳುಳ್ಳಿ ಸಾಸೇಜು ತಿಂದು ಎದ್ದ ಮೇಲೆ, ನೊಯೆಲಿ ತನ್ನ ಜನ್ಮದಲ್ಲಿ ಮೊದಲ ಸಲ ಒಂದು ಗೊಂಚಲು ಬಿಟ್ಟಳು. ತೋಟದಂಚಿನ ಸೈಪ್ರೆಸ್ ಮರದಿಂದ ನಾಲ್ಕನೆಯ ಗಿಡ. ಅದನ್ನು ಆರಿಸುವುದಕ್ಕೇ ಅವಳಿಗೆ ಅರ್ಧ ಸಾಲು ಹಿಡಿದಿತ್ತು. ಅಮ್ಮನಿಗೆ ಕಾಣಬಾರದು, ಅವನಿಗೆ ಕಾಣದೆ ಇರಬಾರದು. ಎಲೆಯ ಮರೆಯಲ್ಲಿ, ಮಂಡಿಯೆತ್ತರದಲ್ಲಿ, ಬೊಗಸೆ ತುಂಬುವಂಥ ಕಪ್ಪು ಗೊಂಚಲು.

ಮುಂದಿನ ಗಿಡಕ್ಕೆ ಹೋಗಿ ಬಗ್ಗಿದಳು. ಅವನ ಹೆಜ್ಜೆ ಹಿಂದೆ ಬಂತು, ನಿಂತಿತು. ಅವಳು ತಿರುಗಲಿಲ್ಲ. ತಲೆಯ ಬಟ್ಟೆಯನ್ನು ಮಾತ್ರ ಸ್ವಲ್ಪ ಹಿಂದಕ್ಕೆ ಸರಿಸಿಕೊಂಡಳು, ಕೆನ್ನೆ ಖಾಲಿ ಇರಲಿ ಎಂದು. ಕತ್ತರಿಯ ಸದ್ದಾಯಿತು. ಆಮೇಲೆ ಅವನು ಆ ಗೊಂಚಲನ್ನು ಅವಳ ಬಕೆಟ್ಟಿನ ಮೇಲೆ, ಮೊಟ್ಟೆ ಇಟ್ಟ ಹಾಗೆ ಮೆಲ್ಲಗೆ ಇಟ್ಟು, ಒಂದು ಮಾತೂ ಆಡದೆ ಪಕ್ಕದ ಸಾಲಿಗೆ ಹೋದ.

“ಎಲ್ಲರಿಗೂ ಬಳಿದಿದ್ದ ಕಣೇ ಅವನು,” ಎಂದಳು ನೊಯೆಲಿ. “ಅಡುಗೆಯವಳ ಮಗಳಿಗೆ, ಆ ಸ್ಪೇನಿನವಳಿಗೆ, ಅರವತ್ತು ದಾಟಿದ ಬೆರ್ತಜ್ಜಿಗೆ. ನನ್ನ ಮುಖ ಮಾತ್ರ ಬೇಡವಾಯ್ತು.”

ಅದಾದ ಮೇಲೆ ಮುಂದಿನ ವರ್ಷದ ಕೊಯ್ಲಿಗೆ ಅವಳು ಇಳಿಯಲಿಲ್ಲ. ಸೊಂಟನೋವು ಎಂದು ತಾಯಿಗೆ ಸುಳ್ಳು ಹೇಳಿ, ಬೆಜಿಯೆಗೆ ಬಂದು ಮಿಠಾಯಿ ಕಟ್ಟುವ ಕೆಲಸಕ್ಕೆ ಸೇರಿದಳು. ರೈಲ್ವೆಯ ಲೂಸಿಯೆನ್ ಸಿಕ್ಕಿದ, ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು. ಲೂಸಿಯೆನ್ ಒಳ್ಳೆಯವನು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಏರುದನಿಯಲ್ಲಿ ಮಾತಾಡಿದವನಲ್ಲ, ನಾನೇ ಕಂಡಿದ್ದೇನೆ. ಅವನ ಮೇಲೆ ಅವಳ ದೂರು ಒಂದೂ ಇಲ್ಲ. ಅವನು ತೀರಿಕೊಂಡ ಮಾರನೆಯ ವರ್ಷ ಅವಳು ಮೊದಲ ಸಲ ಸೈಕಲ್ ಹತ್ತಿ ಮಾಸ್-ರೂಜ್‌ಗೆ ಹಕ್ಕಲು ಆಯಲು ಹೋದಳು. ಅಲ್ಲಿಂದೀಚೆಗೆ ತಪ್ಪಿಸಿಲ್ಲ. ದ್ರಾಕ್ಷಿ ಒಂದು ನೆಪ. ಅಲ್ಲಿಗೆ ಹೋಗಿ, ಫುಲ್ಕ್ರಾನ್‌ನ ಮುಂದೆ ನಿಂತು, ಒಂದು ಪ್ರಶ್ನೆ ಕೇಳಬೇಕು. ಅಂದು ಯಾಕೆ ಬಳಿಯಲಿಲ್ಲ?

ಕೇಳಿ ಮುಗಿಸಬಾರದೇ ಎಂದು ನಾನು ರೇಗಿದೆ. ಅವನೇನು ದೇಶದ ಅಧ್ಯಕ್ಷನೇ, ಅರ್ಜಿ ಹಾಕಿಕೊಂಡು ಕಾಯುವುದಕ್ಕೆ? ಹೂಂ ಎಂದಳು. ಆ ವರ್ಷವೂ ಕೇಳಲಿಲ್ಲ, ಮರು ವರ್ಷವೂ ಕೇಳಲಿಲ್ಲ. ಹವಾಮಾನದ ಮಾತಾಡಿದಳು, ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಮಾತಾಡಿದಳು, ಬುಟ್ಟಿ ತುಂಬಿಸಿಕೊಂಡು ವಾಪಸು ಬಂದಳು. ದಾರಿಯಲ್ಲಿ ಇಳಿಜಾರು ಬಂದಾಗಲೂ ಬ್ರೇಕು ಬಿಡುತ್ತಿರಲಿಲ್ಲ, ಮೆಲ್ಲಗೆ, ಬಲು ಮೆಲ್ಲಗೆ ಬರುತ್ತಿದ್ದಳು. ಅವಳಿಗೆ ಆ ಊರು ಬಿಟ್ಟು ಬರಲು ಮನಸ್ಸಿಲ್ಲ ಎಂಬುದು ಅವಳ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಆದರೆ ನಾನು ಬಾಯಲ್ಲಿ ಮಾತ್ರ ಬೈಯುತ್ತಿದ್ದೆ.

ಅವಳಿಗೆ ಎಪ್ಪತ್ತಾದ ಆ ವರ್ಷ ಮಾತ್ರ ಮುಂದೂಡುವಂತಿರಲಿಲ್ಲ. ಸೆಪ್ಟೆಂಬರಿನಲ್ಲೇ ಫುಲ್ಕ್ರಾನ್‌ನ ಹೆಂಡತಿ ಒಡೀಲ್ ಕಾಗದ ಬರೆದಿದ್ದಳು. ಇದೇ ಕೊನೆಯ ಕೊಯ್ಲು, ಗಿಡಗಳಿಗೂ ವಯಸ್ಸಾಯಿತು ನಮಗೂ ಆಯಿತು, ನವೆಂಬರಿನಲ್ಲಿ ಯಂತ್ರ ತರಿಸಿ ಎಲ್ಲ ಕೀಳಿಸುತ್ತೇವೆ, ಮನೆ ಮಾರಿ ಮಗಳ ಊರಿಗೆ ಹೋಗುತ್ತೇವೆ, ಒಂದು ಸಲ ಬಂದು ಹೋಗಿ ಎಂದು. ಮಗಳ ಊರೆಂದರೆ ನಾಂತ್, ದೇಶದ ಇನ್ನೊಂದು ಮೂಲೆ. ನೊಯೆಲಿ ಆ ಕಾಗದವನ್ನು ನನಗೆ ಓದಿ ಹೇಳಿ, ಮಡಿಸಿ, ಮತ್ತೆ ಬಿಡಿಸಿ ಓದಿದಳು. ಈ ಸಲ ಕೇಳದೆ ಬಂದರೆ ನಿನ್ನ ಜೊತೆ ಮಾತು ಬಿಡುತ್ತೇನೆ ಎಂದು ನಾನು ಹೇಳಿಬಿಟ್ಟೆ.

ಅಂದು ಬೆಟ್ಟದ ಕಡೆಯ ಗಾಳಿ ಬೀಸುತ್ತಿತ್ತು. ತಲೆ ಬಗ್ಗಿಸಿ ತುಳಿದರೂ ಸೈಕಲ್ಲು ನಿಂತಲ್ಲೇ ನಿಂತಂತೆ. ಎರಡು ಕಡೆ ಇಳಿದು ತಳ್ಳಿದೆವು. ಮಾಸ್-ರೂಜ್ ತಲುಪಿದಾಗ ಹತ್ತೂವರೆ. ಒಡೀಲ್ ಅಂಗಳದಲ್ಲೇ ಇದ್ದಳು. ಗುಂಡುಗುಂಡಗಿನ, ಸದಾ ಏನನ್ನೋ ಎಲ್ಲೋ ಇಟ್ಟು ಮರೆತು ಹುಡುಕುವ ಹೆಂಗಸು, ಅಂದು ಹುಡುಕುತ್ತಿದ್ದದ್ದು ತಲೆಯ ಮೇಲಿದ್ದ ಕನ್ನಡಕ. ನಮ್ಮಿಬ್ಬರನ್ನೂ ತಬ್ಬಿಕೊಂಡಳು. ಪ್ರತಿ ವರ್ಷ ಹೇಳುವ ಮಾತನ್ನೇ ಈ ವರ್ಷವೂ ಹೇಳಿದಳು. ನೊಯೆಲಿಯ ಹಾಗೆ ಕೊಯ್ಯುವವರು ಇನ್ನೊಬ್ಬರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ತಾನು ಮೊದಲ ಸಲ ಕೊಯ್ಲಿಗೆ ಬಂದದ್ದು ನೊಯೆಲಿ ನಿಲ್ಲಿಸಿದ ವರ್ಷ, ದಿನಕ್ಕೆ ಮೂರು ಗೊಂಚಲು ಮರೆಯುತ್ತಿದ್ದೆ, ಮೂರು ಸಲ ಫುಲ್ಕ್ರಾನ್ ಬಳಿಯುತ್ತಿದ್ದ, ತನ್ನ ಮುಖ ತೊಳೆದು ತೊಳೆದು ಸಾಕಾಗಿ ಅತ್ತೆಯೇ ಮದುವೆ ಮಾಡಿಸಿದರು ಎಂದು ನಕ್ಕಳು. ನೊಯೆಲಿಯೂ ನಕ್ಕಳು. ಒಡೀಲ್ ಮೇಲೆ ಸಿಟ್ಟು ಮಾಡಿಕೊಳ್ಳಲು ಯಾರಿಂದಲೂ ಆಗುವುದಿಲ್ಲ, ಪ್ರಯತ್ನಪಟ್ಟು ನೋಡಿದ್ದೇನೆ.

ಫುಲ್ಕ್ರಾನ್ ತೋಟದಲ್ಲಿದ್ದ. ಕಂಬ ತಂತಿ ಇಲ್ಲದ, ಸೊಂಟದೆತ್ತರದ ಹಳೆಯ ಮೋಟು ಗಿಡಗಳು. ಎಲೆಗಳಾಗಲೇ ಕೆಂಪಾಗಿದ್ದವು. ಅವನು ಕೋಲೂರಿಕೊಂಡು ಸಾಲು ಸಾಲಾಗಿ ಅಡ್ಡಾಡುತ್ತಿದ್ದ, ಕೆಲಸವೇನೂ ಇರಲಿಲ್ಲ. ನಮ್ಮನ್ನು ಕಂಡು ಟೋಪಿ ತೆಗೆದ. ಯಂತ್ರ ಏಳನೆಯ ತಾರೀಕು ಬರುತ್ತದೆ ಎಂದ. ತನ್ನಪ್ಪ ನೆಟ್ಟ ಗಿಡ, ಬೇರು ಕಿತ್ತು ಬರುವಾಗ ತಾನು ಇಲ್ಲಿ ನಿಲ್ಲುವುದಿಲ್ಲ, ಒಡೀಲ್ ಜೊತೆ ಪೇಟೆಗೆ ಹೋಗಿಬಿಡುತ್ತೇನೆ ಎಂದ. ನಾನು ಬುಟ್ಟಿ ಹಿಡಿದು ಪಕ್ಕದ ಸಾಲಿಗೆ ಸರಿದೆ. ದೂರ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ, ಕಿವಿ ಅಲ್ಲೇ ಇತ್ತು.

ನೊಯೆಲಿ ಸೈಪ್ರೆಸ್ ಮರದ ಹತ್ತಿರ ಹೋದಳು. ಆ ನಾಲ್ಕನೆಯ ಗಿಡದ ಮುಂದೆ ನಿಂತಳು. ಅವನೂ ಹಿಂದೆ ಹೋದ. ಇವಳು ಮತ್ತೆ ಮಂಡಿಯೆಣ್ಣೆಯ ಮಾತಿಗೆ ಇಳಿಯುತ್ತಾಳೆ ಎಂದು ನಾನು ಹಲ್ಲು ಕಚ್ಚಿಕೊಂಡೆ.

“ಫುಲ್ಕ್ರಾನ್, ನಿನಗೆ ಜ್ಞಾಪಕ ಇರಲಿಕ್ಕಿಲ್ಲ,” ಎಂದಳು. “ಒಂದು ಸಲ ಇಲ್ಲಿ ನಾನೊಂದು ಗೊಂಚಲು ಬಿಟ್ಟಿದ್ದೆ.”

“ಇದೇ ಗಿಡ,” ಎಂದ ಅವನು ತಕ್ಷಣ. “ಒಳಗಡೆ, ಕೆಳಗೆ.”

“ನನ್ನ ಮುಖಕ್ಕೆ ಯಾಕೆ ಬಳೀಲಿಲ್ಲ?”

ಅವನು ಮೊದಲು ನಕ್ಕುಬಿಟ್ಟ. ಆಮೇಲೆ, ಇಷ್ಟು ದಿನ ಯಾರಾದರೂ ಕೇಳಲಿ ಎಂದು ಕಾದಿದ್ದವನ ಹಾಗೆ, ಸಂತೋಷದಿಂದಲೇ ಹೇಳಿದ.

“ಹೇಗೆ ಬಳೀಲಿ? ನಿಮ್ಮಮ್ಮ ನಿನ್ನ ಹಿಂದೆ ಹಕ್ಕಿಗೂ ಕಾಳು ಸಿಗಲ್ಲ ಅಂತ ಊರಿಗೆಲ್ಲ ಸಾರಿದ್ದಳು. ನಿನಗೂ ಅದರ ಜಂಭ ಕಮ್ಮಿ ಇರಲಿಲ್ಲ ಬಿಡು. ನಾನು ಬಳಿದಿದ್ರೆ ಆ ಹೆಸರು ಅವತ್ತೇ ಹೋಗ್ತಿತ್ತು. ನನ್ನ ಕೈಯಿಂದ ಹೋಗೋದು ಬೇಡ ಅನ್ನಿಸ್ತು. ಯಾರಿಗೂ ಕಾಣದ ಹಾಗೆ ಕೊಯ್ದು ನಿನ್ನ ಬಕೆಟ್ಟಿಗೆ ಇಟ್ಟೆ. ಇವತ್ತಿನವರೆಗೂ ಯಾರ ಹತ್ರನೂ ಬಾಯಿ ಬಿಟ್ಟಿಲ್ಲ, ಒಡೀಲ್ ಹತ್ರನೂ ಇಲ್ಲ.”

ನಾನು ಬುಟ್ಟಿ ಕೆಳಗಿಟ್ಟೆ. ಅಯ್ಯೋ ದೇವರೇ ಎಂದು ಒಳಗೊಳಗೇ ಅಂದುಕೊಂಡೆ. ಅವಳ ಮುಖ ತನಗೆ ಬೇಡವೆಂದಲ್ಲ, ಅವಳ ಹೆಸರು ಕೆಡಬಾರದೆಂದು. ಐವತ್ತೊಂದು ವರ್ಷ ಅವಳು ಅವಮಾನವೆಂದು ಹೊತ್ತು ತಿರುಗಿದ್ದು ಅವನು ಮಾಡಿದ ಉಪಕಾರವನ್ನು. ಈಗ ಅವಳು ಏನು ಹೇಳುತ್ತಾಳೆ? ಉಪಕಾರವಾಯಿತಪ್ಪ ಎಂದು ಹೇಳಿ ಕೈ ಕುಲುಕಿ ಬರಬಹುದು. ಹಾಗೆ ಬಂದಿದ್ದರೆ ಅವನ ಮನಸ್ಸೂ ನೆಮ್ಮದಿಯಾಗಿರುತ್ತಿತ್ತು, ಅವಳ ಪ್ರಶ್ನೆಗೂ ಉತ್ತರ ಸಿಕ್ಕ ಹಾಗಾಗುತ್ತಿತ್ತು. ಅವಳ ಜಾಗದಲ್ಲಿ ನಾನಿದ್ದರೆ ಅಷ್ಟೇ ಮಾಡುತ್ತಿದ್ದೆನೇನೋ. ಆದರೆ ಒಂದು ಕಪ್ಪು ಚುಕ್ಕೆ ಉಳಿದರೂ ಮತ್ತೊಮ್ಮೆ ಹೆರೆಯುವವಳು ಅವಳು.

“ನಾನು ಮರೆತಿರಲಿಲ್ಲ,” ಎಂದಳು ನೊಯೆಲಿ. “ನಿನಗೆ ಅಂತಲೇ ಬಿಟ್ಟಿದ್ದೆ.”

ಅವನ ನಗು ಹಾಗೇ ನಿಂತಿತು. ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಮನೆಯ ಕಡೆ ಒಮ್ಮೆ ನೋಡಿದ, ಅಲ್ಲಿ ಒಡೀಲ್ ದಾರದ ಮೇಲೆ ಬಟ್ಟೆ ಹರವುತ್ತಿದ್ದಳು, ಗಾಳಿ ಅವನ್ನು ಕಿತ್ತುಕೊಳ್ಳುತ್ತಿತ್ತು. ಅವನು ಮತ್ತೆ ಮಾತಾಡಿದಾಗ ದನಿ ಎಷ್ಟು ತಗ್ಗಿತ್ತೆಂದರೆ ನಾನು ಉಸಿರು ಹಿಡಿದು ಕೇಳಬೇಕಾಯಿತು.

“ಹಾಗಾದ್ರೆ ಮಾರನೇ ದಿನ ಇನ್ನೊಂದು ಯಾಕೆ ಬಿಡಲಿಲ್ಲ?” ಎಂದ. “ಇನ್ನೂ ಹನ್ನೊಂದು ದಿನದ ಕೊಯ್ಲಿತ್ತು, ನೊಯೆಲಿ. ಒಂದು ಸಲ ಸುಮ್ಮನಿದ್ದೆ, ಇನ್ನೊಂದು ಸಲ ಸಿಕ್ಕರೆ ಯಾರ ಹೆಸರು ಏನಾದ್ರೂ ಆಗಲಿ, ಬಿಡೋದಿಲ್ಲ ಅಂತ ನಿನ್ನ ಹಿಂದೆ ಒಂದೊಂದು ಗಿಡದ ಎಲೆನೂ ಎತ್ತಿ ಎತ್ತಿ ನೋಡಿದೆ. ಇವನಿಗೆ ಕಣ್ಣು ಮಂದ ಅಂತ ಜೊತೆಯವರು ಆಡಿಕೊಂಡರು. ಹನ್ನೊಂದು ದಿನ. ನೀನು ಒಂದು ಕಾಳೂ ಬಿಡಲಿಲ್ಲ.”

ನೊಯೆಲಿ ಗಿಡದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅಷ್ಟರಲ್ಲಿ ಒಡೀಲ್ ಅಂಗಳದಿಂದಲೇ ಕಾಫಿಗೆ ಕೂಗಿದಳು. ನಾವು ಮೂವರೂ ಹೋದೆವು. ಕಾಫಿ ಕುಡಿದೆವು, ಹಸಿರು ಬಾದಾಮಿ ಚಿತ್ರದ ಪ್ರತಿ ವರ್ಷದ ಹಳೆಯ ಬಟ್ಟಲುಗಳಲ್ಲಿ. ಒಡೀಲ್ ನಾಂತ್‌ನಲ್ಲಿ ಬರೀ ಮಳೆಯಂತೆ ಎಂದಳು, ಅಲ್ಲಿಯವರು ಬೆಣ್ಣೆ ಹಾಕದೆ ಏನೂ ತಿನ್ನುವುದಿಲ್ಲವಂತೆ ಎಂದಳು, ನಮಗೆ ಒಂದೊಂದು ಡಬ್ಬಿ ಕ್ವಿನ್ಸ್ ಹಣ್ಣಿನ ಮಿಠಾಯಿ ಕಟ್ಟಿಕೊಟ್ಟಳು. ಫುಲ್ಕ್ರಾನ್ ತನ್ನ ಬಟ್ಟಲನ್ನು ಮುಟ್ಟಲಿಲ್ಲ. ಹೊರಡುವಾಗ ನೊಯೆಲಿಯ ಸೈಕಲ್ಲನ್ನು ತಾನೇ ರಸ್ತೆಯವರೆಗೂ ತಳ್ಳಿಕೊಂಡು ಬಂದ. ನಮ್ಮ ರೂಢಿಯಂತೆ ಎರಡೂ ಕೆನ್ನೆಗೆ ಮುತ್ತಿಟ್ಟು ಬೀಳ್ಕೊಟ್ಟ, ನನಗೂ ಕೊಟ್ಟ, ಅವಳಿಗೂ ಕೊಟ್ಟ. ಅವಳ ಎರಡನೆಯ ಕೆನ್ನೆಯ ಹತ್ತಿರ ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಕೋಲೂರಿಕೊಂಡು ಒಳಗೆ ಹೋದ.

ಹಿಂದಿರುಗುವಾಗ ಗಾಳಿ ಬೆನ್ನಿಗಿತ್ತು. ಮೂರ್ನಾಲ್ಕು ಕಿಲೋಮೀಟರ್ ದಾಟಿದ್ದೆವು. ಕಾಲುವೆ ಪಕ್ಕದ ಸಪಾಟು ರಸ್ತೆಯಲ್ಲಿ, ಇಳಿಯಬೇಕಾದ ಕಾರಣವೇ ಇಲ್ಲದ ಕಡೆ, ನೊಯೆಲಿ ಸೈಕಲ್ ನಿಲ್ಲಿಸಿ ಇಳಿದಳು.

“ಅವತ್ತಿನಿಂದ ಸಿಟ್ಟು ಬಂದು ಇನ್ನೂ ಚೊಕ್ಕಟವಾಗಿ ಕೊಯ್ದೆ ಕಣೇ,” ಎಂದಳು. “ಅಮ್ಮ ಮುಗಿಸಿ ಹೋದ ಗಿಡ ಕೂಡ ಇನ್ನೊಂದು ಸಲ ನೋಡ್ತಿದ್ದೆ. ಇವನಿಗೆ ನನ್ನ ಒಂದು ತಪ್ಪೂ ಸಿಗಬಾರದು ಅಂತ.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ಕಾಲದ ಹನ್ನೊಂದು ದಿನವೆಂದರೆ ಎಷ್ಟು ಸಾಲು, ಎಷ್ಟು ಸಾವಿರ ಗಿಡ. ಯಾವುದಾದರೂ ಒಂದರ ಹತ್ತಿರ ಅವಳಿಗೊಂದು ಆಕಳಿಕೆ ಬಂದಿದ್ದರೆ, ಕಣ್ಣಿಗೊಂದು ನೊಣ ಬಿದ್ದಿದ್ದರೆ ಸಾಕಿತ್ತು.

ಅವಳು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಲೂಸಿಯೆನ್‌ನನ್ನು ಮಣ್ಣಿಗಿಟ್ಟ ದಿನವೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನು ಎರಡು ಸೈಕಲ್ಲನ್ನೂ ಹಿಡಿದುಕೊಂಡು, ಅವಳು ಏಳುವವರೆಗೆ ಅಲ್ಲೇ ನಿಂತಿದ್ದೆ.